ಲೂಯಿಸ್ ಎನ್ರಿಕೆ ನಿಜಕ್ಕೂ ದೊಡ್ಡ ಕೋಚ್ ಹೌದಾ?

ಪ್ರಶ್ನೆ: ನಾನು ಫುಟ್‌ಬಾಲ್ ನೋಡೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿಯ (ಪ್ಯಾರಿಸ್ ಸೇಂಟ್ ಜರ್ಮೇನ್) ಕೋಚ್ ಲೂಯಿಸ್ ಎನ್ರಿಕೆ ಬಗ್ಗೆ ನಮ್ಮ ಗೆಳೆಯರ ನಡುವೆ ಯಾವಾಗಲೂ ಜಗಳ. ಬಾರ್ಸಿಲೋನಾದಲ್ಲಿ ಗೆಲ್ಲಿಸಿದ್ದು ಮೆಸ್ಸಿ, ಇವರದೇನೂ ಇಲ್ಲ ಅಂತ ಒಬ್ಬರು. ರೋಮಾದಲ್ಲಿ ಸೋತರು, ಸ್ಪೇನ್ ತಂಡದಲ್ಲೂ ಸೋತರು ಅಂತ ಇನ್ನೊಬ್ಬರು. ಹಾಗಾದರೆ ಸ್ಟಾರ್ ಆಟಗಾರ ಎಂಬಾಪೆ ಬಿಟ್ಟುಹೋದ ಮೇಲೆ ಪಿಎಸ್‌ಜಿ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದದ್ದು ಹೇಗೆ? ಇವರು ಆಟಗಾರರಾಗಿದ್ದಾಗ ಹೇಗಿದ್ದರು? ಇವರನ್ನು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಮ್ಯಾಚ್ ನೋಡಬೇಕು ಅಂದರೆ ಯಾವುದು ನೋಡಲಿ?

ಉತ್ತರ: ಆಟಗಾರರಾಗಿ ಹೇಗಿದ್ದರು ಅಂತ ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಎಲ್ಲ ಪ್ರಶ್ನೆಗೂ ಉತ್ತರ ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಲೂಯಿಸ್ ಎನ್ರಿಕೆ ಯಾವ ಜಾಗದಲ್ಲಿ ಆಡುತ್ತಿದ್ದರು? ತೊಂಬತ್ತರ ದಶಕದಲ್ಲಿ ಅವರ ಆಟ ನೋಡಿದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸ್ಟ್ರೈಕರ್ ಅಂತ ಒಬ್ಬರು, ಬಲಗಡೆ ವಿಂಗ್ ಅಂತ ಇನ್ನೊಬ್ಬರು, ಇಲ್ಲಪ್ಪ ಮಿಡ್‌ಫೀಲ್ಡ್ ಅಂತ ಮತ್ತೊಬ್ಬರು, ರಿಯಲ್ ಮ್ಯಾಡ್ರಿಡ್‌ನಲ್ಲಿ ಫುಲ್‌ಬ್ಯಾಕ್ ಆಗಿಯೂ ನೋಡಿದ್ದೇನೆ ಅಂತ ಹೇಳುವವರೂ ಸಿಗುತ್ತಾರೆ. ಎಲ್ಲರೂ ಹೇಳುವುದು ನಿಜ. ಅವರಿಗೆ ತನ್ನದು ಅಂತ ಒಂದು ಜಾಗ ಇರಲಿಲ್ಲ. ತಂಡಕ್ಕೆ ಎಲ್ಲಿ ಕಾಲು ಬೇಕೋ ಅಲ್ಲಿ ಓಡುತ್ತಿದ್ದರು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

ಅವರು ಹುಟ್ಟಿದ್ದು 1970ರ ಮೇ 8ರಂದು, ಸ್ಪೇನಿನ ಉತ್ತರದ ಆಸ್ತೂರಿಯಸ್ ಸೀಮೆಯ ಹಿಹೋನ್ ಎಂಬ ಬಂದರು ಪಟ್ಟಣದಲ್ಲಿ. ಸ್ಪೇನ್ ಅಂದರೆ ನಮಗೆ ಬಿಸಿಲು, ಮರಳು ನೆನಪಾಗುತ್ತದೆ ಅಲ್ವಾ? ಆ ಕಡೆ ಹಾಗಲ್ಲ. ಹಸಿರು ಗುಡ್ಡ, ಕಲ್ಲಿದ್ದಲ ಗಣಿ, ಮಳೆ ಜಾಸ್ತಿ. ಊರಿನ ಕ್ಲಬ್ ಸ್ಪೋರ್ಟಿಂಗ್‌ನಲ್ಲೇ ಬೆಳೆದು, 1989ರಲ್ಲಿ ಮೊದಲ ತಂಡಕ್ಕೆ ಬಂದರು. 1990-91ರ ಸೀಸನ್‌ನಲ್ಲಿ ಲೀಗ್‌ನಲ್ಲೇ 14 ಗೋಲು ಹೊಡೆದರು. ಇಪ್ಪತ್ತೊಂದು ವರ್ಷದ ಹುಡುಗ ಅಷ್ಟು ಗೋಲು ಹೊಡೆದರೆ ದೊಡ್ಡ ಕ್ಲಬ್‌ಗಳು ಸುಮ್ನೆ ಕೂರುತ್ತವಾ? 1991ರಲ್ಲಿ ರಿಯಲ್ ಮ್ಯಾಡ್ರಿಡ್ ಕರೆದುಕೊಂಡು ಹೋಯಿತು.

ಮ್ಯಾಡ್ರಿಡ್‌ನಲ್ಲಿ ಐದು ವರ್ಷ ಇದ್ದರು. ಗೆಲುವು ಸಿಗಲಿಲ್ಲ ಅಂತಲ್ಲ. 1995ರಲ್ಲಿ ಲೀಗ್ ಗೆದ್ದರು, ಅದೇ ವರ್ಷ ಜನವರಿಯಲ್ಲಿ ಬಾರ್ಸಿಲೋನಾವನ್ನು 5-0 ಅಂತರದಲ್ಲಿ ಹೊಡೆದ ರಾತ್ರಿ ಒಂದು ಗೋಲು ಇವರದು. ಆದರೆ ಕೋಚ್‌ಗಳು ಬದಲಾದ ಹಾಗೆಲ್ಲ ಇವರ ಜಾಗವೂ ಬದಲಾಗುತ್ತಿತ್ತು. ಅಲ್ಲಿನ ಅಭಿಮಾನಿಗಳು ತನ್ನನ್ನು ಮನಸಾರೆ ಒಪ್ಪಿಕೊಳ್ಳಲೇ ಇಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. 1996ರಲ್ಲಿ ಒಪ್ಪಂದ ಮುಗಿಯಿತು. ಆಗ ಅವರು ಮಾಡಿದ ಕೆಲಸ ಇಡೀ ಸ್ಪೇನ್‌ಗೆ ಆಶ್ಚರ್ಯ ತಂದಿತು: ವರ್ಗಾವಣೆಯ ಹಣ ಯಾವುದೂ ಇಲ್ಲದೆ ನೇರವಾಗಿ ಬಾರ್ಸಿಲೋನಾಗೆ, ಅಂದರೆ ಮ್ಯಾಡ್ರಿಡ್‌ನ ಬದ್ಧ ಎದುರಾಳಿ ಕ್ಲಬ್‌ಗೆ ಹೋದರು.

ಈಗ ಫುಟ್‌ಬಾಲ್ ನೋಡಲು ಶುರು ಮಾಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುವುದು ಕಷ್ಟ. ಮೊದಮೊದಲು ಬಾರ್ಸಿಲೋನಾದವರು ಅನುಮಾನದಿಂದಲೇ ನೋಡಿದರು. ಆ ಅನುಮಾನ ಜಾಸ್ತಿ ದಿನ ಉಳಿಯಲಿಲ್ಲ. ಮೊದಲ ಸೀಸನ್‌ನಲ್ಲಿ ಲೀಗ್‌ನಲ್ಲಿ 17 ಗೋಲು, ಎರಡನೆಯದರಲ್ಲಿ 18. ನೆನಪಿರಲಿ, ಆ ತಂಡದಲ್ಲಿ ಮೊದಲ ವರ್ಷ ರೊನಾಲ್ಡೊ, ಆಮೇಲೆ ರಿವಾಲ್ಡೊ ಇದ್ದರು. ಗೋಲು ಹೊಡೆಯುವ ಕೆಲಸ ಮೊದಲಿಗೆ ಅವರದು. ಇವರು ಹಿಂದಿನಿಂದ, ಯಾರೂ ಗಮನಿಸದ ಹೊತ್ತಿನಲ್ಲಿ ಓಡಿ ಬಂದು ಪೆನಾಲ್ಟಿ ಬಾಕ್ಸ್ ಒಳಗೆ ಹಾಜರಾಗುತ್ತಿದ್ದರು. 1997ರಲ್ಲಿ ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನದಲ್ಲೇ ಗೋಲು ಹೊಡೆದು, ಮೈಮೇಲಿದ್ದ ಬಾರ್ಸಾ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತೋರಿಸಿದರು. ಬಾರ್ಸಿಲೋನಾ ಸೀಮೆಯ ಕತಲಾನ್ ಜನ ಆವತ್ತಿನಿಂದ ಇವರನ್ನು ತಮ್ಮವರು ಅಂದುಕೊಂಡರು. 2004ರಲ್ಲಿ ನಿವೃತ್ತಿ ಆಗುವ ಹೊತ್ತಿಗೆ ನಾಯಕರಾಗಿದ್ದರು. 300 ಪಂದ್ಯ, 109 ಗೋಲು.

(ಆ ಕೊನೆಯ ವರ್ಷ ಬಾರ್ಸಾ ಕೋಚ್ ಆಗಿದ್ದವರು ಫ್ರ್ಯಾಂಕ್ ರೈಕಾರ್ಡ್. ರೈಕಾರ್ಡ್ ಅವರ ಜೊತೆಗಾರರಲ್ಲಿ ಒಬ್ಬರಾಗಿದ್ದ ಆಲ್ಬರ್ಟ್ ರೋಕಾ ಮುಂದೆ ನಮ್ಮ ಬೆಂಗಳೂರು ಎಫ್‌ಸಿಗೆ ಕೋಚ್ ಆಗಿ ಬಂದು, 2016ರಲ್ಲಿ ತಂಡವನ್ನು ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದುಕೊಂಡು ಹೋದರು. ಕಂಠೀರವದಲ್ಲಿ ಆ ವರ್ಷದ ಆಟ ನೋಡಿದವರಿಗೆ ಚೆಂಡನ್ನು ಗೋಲ್‌ಕೀಪರ್‌ನಿಂದಲೇ ಪಾಸ್ ಮಾಡುತ್ತಾ ತರುವ ಆ ಶಾಲೆಯ ರುಚಿ ಗೊತ್ತು.)

ದೇಶದ ಪರವಾಗಿ 62 ಪಂದ್ಯ ಆಡಿ 12 ಗೋಲು ಹೊಡೆದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇವರಿದ್ದರು, ಮುಂದೆ ದೊಡ್ಡ ಕೋಚ್ ಆದ ಪೆಪ್ ಗುವಾರ್ಡಿಯೋಲಾ ಕೂಡ ಇದ್ದರು. ಆದರೆ ನನ್ನ ತಲೆಯಲ್ಲಿ ಅಚ್ಚೊತ್ತಿರುವುದು 1994ರ ವಿಶ್ವಕಪ್. ಜುಲೈ 9, ಬೋಸ್ಟನ್ ಹತ್ತಿರ ಇಟಲಿ ವಿರುದ್ಧ ಕ್ವಾರ್ಟರ್ ಫೈನಲ್. ನಮ್ಮಲ್ಲಿ ಆಗ ರಾತ್ರಿ ಊಟದ ಹೊತ್ತು. ಸ್ಪೇನ್ 1-2ರಿಂದ ಹಿಂದೆ ಇದೆ, ಆಟ ಮುಗಿಯುತ್ತಾ ಬಂದಿದೆ. ಬಾಕ್ಸ್ ಒಳಗೆ ಇಟಲಿಯ ಮಾವ್ರೊ ತಸೋಟ್ಟಿ ಮೊಣಕೈಯಿಂದ ಇವರ ಮುಖಕ್ಕೆ ಹೊಡೆದರು. ಮೂಗು ಮುರಿಯಿತು. ಬಿಳಿ ಅಂಗಿಯ ತುಂಬ ರಕ್ತ. ರೆಫರಿ ನೋಡಲಿಲ್ಲ, ಪೆನಾಲ್ಟಿ ಸಿಗಲಿಲ್ಲ, ಸ್ಪೇನ್ ಮನೆಗೆ ಹೋಯಿತು. ಆಮೇಲೆ ವಿಡಿಯೋ ನೋಡಿ ತಸೋಟ್ಟಿಗೆ 8 ಪಂದ್ಯ ನಿಷೇಧ ಹಾಕಿದರು, ಆದರೆ ಅದರಿಂದ ಏನು ಬಂತು? ರಕ್ತ ಸುರಿಯುತ್ತಾ, ಅಳುತ್ತಾ, ರೆಫರಿಗೆ ತನ್ನ ಕೈ ತೋರಿಸುತ್ತಿದ್ದ ಆ ಮುಖ ನೋಡಿದವರಿಗೆ ಈ ಮನುಷ್ಯನಿಗೆ ಸೋಲು ಎಷ್ಟು ನೋವು ಕೊಡುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಆಟ ಬಿಟ್ಟ ಮೇಲೆ ಬಹಳಷ್ಟು ಮಂದಿ ಟಿವಿಗೆ ಹೋಗಿ ಕೂರುತ್ತಾರೆ. ಇವರು ಕುಟುಂಬದ ಜೊತೆ ಆಸ್ಟ್ರೇಲಿಯಾಗೆ ಹೋಗಿ ಸಮುದ್ರದ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಾ ಸ್ವಲ್ಪ ಕಾಲ ಕಳೆದರು. ಆಮೇಲೆ ಓಟದ ಹುಚ್ಚು ಹಿಡಿಯಿತು. 2005ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್. 2006ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 3 ಗಂಟೆ 19 ಸೆಕೆಂಡ್. ಇನ್ನು 20 ಸೆಕೆಂಡ್ ಬೇಗ ಓಡಿದ್ದರೆ ಮೂರು ಗಂಟೆ ಒಳಗೆ ಆಗುತ್ತಿತ್ತು. ಅಷ್ಟಕ್ಕೆ ಬಿಡುವ ಜಾಯಮಾನ ಅಲ್ಲ ಅದು, ಮುಂದಿನ ವರ್ಷ ಫ್ಲಾರೆನ್ಸ್‌ನಲ್ಲಿ 2 ಗಂಟೆ 57 ನಿಮಿಷ 58 ಸೆಕೆಂಡ್‌ಗೆ ಮುಗಿಸಿದರು. ಅದೇ 2007ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಐರನ್‌ಮ್ಯಾನ್, ಅಂದರೆ ಈಜು, ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್, ಎಲ್ಲ ಒಂದೇ ದಿನ. 2008ರಲ್ಲಿ ಸಹಾರಾ ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಸುಮಾರು 250 ಕಿಲೋಮೀಟರ್ ಓಟ. ನಾನು ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಓಡುವುದನ್ನು ಇವರು ಕಷ್ಟ ಅಂತ ನೋಡುವುದೇ ಇಲ್ಲ. ಇಂಥವರ ಕೈಕೆಳಗೆ ಆಡುವವರು, ನಾನು ದೊಡ್ಡ ಸ್ಟಾರ್, ಚೆಂಡು ಕಳೆದುಕೊಂಡರೆ ಹಿಂದೆ ಓಡುವುದಿಲ್ಲ ಅಂದರೆ ಹೇಗೆ ನಡೆಯುತ್ತದೆ?

ಕೋಚಿಂಗ್‌ನ ಮೊದಲ ಕೆಲಸ 2008ರಲ್ಲಿ ಬಾರ್ಸಿಲೋನಾ ಬಿ ತಂಡ. ಗುವಾರ್ಡಿಯೋಲಾ ಮೊದಲ ತಂಡಕ್ಕೆ ಹೋದಾಗ ಖಾಲಿಯಾದ ಕುರ್ಚಿ ಅದು. ಎರಡು ವರ್ಷಕ್ಕೆ ಆ ಹುಡುಗರನ್ನು ಸ್ಪೇನಿನ ಎರಡನೇ ದರ್ಜೆಯ ಲೀಗ್‌ಗೆ ಏರಿಸಿದರು, 11 ವರ್ಷದ ನಂತರ ಆ ತಂಡ ಅಲ್ಲಿಗೆ ಮರಳಿತ್ತು. ಮುಂದಿನ ವರ್ಷ ಅಲ್ಲಿ ಮೂರನೇ ಸ್ಥಾನ. ಆ ತಂಡದಲ್ಲಿ ಸೆರ್ಜಿ ರೊಬೆರ್ಟೊ ಅನ್ನುವ ಹುಡುಗ ಇದ್ದ. ಹೆಸರು ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಗೆಳೆಯರ ಎರಡನೇ ಆರೋಪ, ರೋಮಾ. ಅದು ಸೋಲೇ, ಮುಚ್ಚಿಡುವುದಕ್ಕೆ ಏನೂ ಇಲ್ಲ. 2011ರಲ್ಲಿ ಹೋದರು. ಯೂರೋಪಾ ಲೀಗ್‌ನ ಅರ್ಹತಾ ಸುತ್ತಿನಲ್ಲೇ ಸ್ಲೊವಾನ್ ಬ್ರಾಟಿಸ್ಲಾವಾ ಎದುರು ಹೊರಬಿದ್ದರು. ಲೀಗ್‌ನಲ್ಲಿ ಏಳನೇ ಸ್ಥಾನ. ಒಪ್ಪಂದ ಇನ್ನೂ ಬಾಕಿ ಇದ್ದರೂ ಒಂದೇ ವರ್ಷಕ್ಕೆ ಬಿಟ್ಟು ಬಂದರು. ಆದರೆ ಆ ವರ್ಷದ ಒಂದು ಘಟನೆ ನೋಡಿ. 2012ರ ಫೆಬ್ರವರಿಯಲ್ಲಿ ತಂಡದ ಸಭೆಗೆ ಡ್ಯಾನಿಯೆಲೆ ಡಿ ರೊಸ್ಸಿ ತಡವಾಗಿ ಬಂದರು. ಡಿ ರೊಸ್ಸಿ ಅಂದರೆ ರೋಮಾ ಊರಿನ ಮಗ, ವಿಶ್ವಕಪ್ ಗೆದ್ದವರು. ಆ ದಿನದ ಅಟಲಾಂಟಾ ಪಂದ್ಯದಿಂದ ಅವರನ್ನು ಹೊರಗಿಟ್ಟರು. ರೋಮಾ 1-4ರಿಂದ ಸೋತಿತು. ತತ್ವಕ್ಕೋಸ್ಕರ ಪಂದ್ಯ ಕಳೆದುಕೊಂಡರು ಅಂತ ಊರೆಲ್ಲ ಬೈದರು. ಅವರು ಸರಿ ಮಾಡಿದರು ಅಂತ ನನಗೆ ಅನ್ನಿಸುತ್ತದೆ, ಆದರೆ ಆ ಊರಿಗೆ, ಆ ತಂಡಕ್ಕೆ ಅವರು ಹೇಳುವ ಆಟ ಕಲಿಯಲು ಬೇಕಾದ ತಾಳ್ಮೆ ಇರಲಿಲ್ಲ, ಹಾಗೇ ಅವರಿಗೂ ಆಗ ಆಟಗಾರರನ್ನು ಒಲಿಸಿಕೊಳ್ಳುವ ಕಲೆ ಅಷ್ಟಾಗಿ ಬಂದಿರಲಿಲ್ಲ ಅನ್ನುವುದನ್ನೂ ಒಪ್ಪಬೇಕು. ತಪ್ಪು ಎರಡೂ ಕಡೆ ಇತ್ತು.

ಒಂದು ವರ್ಷ ಸುಮ್ಮನಿದ್ದು, 2013ರಲ್ಲಿ ಸೆಲ್ಟಾ ವಿಗೊಗೆ ಹೋದರು. ಹಿಂದಿನ ವರ್ಷ ಲೀಗ್‌ನಿಂದ ಕೆಳಗೆ ಬೀಳುವುದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದ ತಂಡ ಒಂಬತ್ತನೇ ಸ್ಥಾನಕ್ಕೆ ಬಂತು. ಸೀಸನ್ ಕೊನೆಯಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು 2-0ಯಿಂದ ಸೋಲಿಸಿ ಅವರ ಲೀಗ್ ಆಸೆಗೆ ಕೊಳ್ಳಿ ಇಟ್ಟಿತು. ಅದಾದ ಕೆಲವೇ ದಿನಕ್ಕೆ ಬಾರ್ಸಿಲೋನಾ ಕರೆಯಿತು.

ಇಲ್ಲಿ ಮೆಸ್ಸಿ ಮಾತು ಬರುತ್ತದೆ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2015ರ ಜನವರಿ 4ರಂದು ರಿಯಲ್ ಸೊಸಿಯೆಡಾಡ್ ವಿರುದ್ಧದ ಪಂದ್ಯದಲ್ಲಿ ರಜೆಯಿಂದ ತಡವಾಗಿ ಬಂದಿದ್ದ ಮೆಸ್ಸಿ ಮತ್ತು ನೇಮರ್ ಇಬ್ಬರನ್ನೂ ಇವರು ಬೆಂಚಿನಲ್ಲಿ ಕೂರಿಸಿದರು. ಎರಡನೇ ನಿಮಿಷದಲ್ಲೇ ಜೋರ್ಡಿ ಆಲ್ಬಾ ತನ್ನದೇ ಗೋಲಿಗೆ ಚೆಂಡು ಹೊಡೆದರು, ಬಾರ್ಸಾ 0-1ರಿಂದ ಸೋತಿತು. ಮಾರನೇ ದಿನ ಅಭಿಮಾನಿಗಳ ಎದುರು ನಡೆದ ಅಭ್ಯಾಸಕ್ಕೆ ಮೆಸ್ಸಿ ಬರಲಿಲ್ಲ. ಅದೇ ದಿನ ಕ್ಲಬ್‌ನ ಕ್ರೀಡಾ ನಿರ್ದೇಶಕ ಜುಬಿಸರೆಟಾ ಕೆಲಸ ಕಳೆದುಕೊಂಡರು. ಮುಂದಿನ ಸರದಿ ಲೂಯಿಸ್ ಎನ್ರಿಕೆ ಅವರದು ಅಂತ ಪತ್ರಿಕೆಗಳೆಲ್ಲ ಬರೆದವು.

ಆದರೆ ಆಮೇಲೆ ನಡೆದದ್ದೇ ಬೇರೆ. ಒಂದು ವಾರಕ್ಕೆ ಅಟ್ಲೆಟಿಕೊ ಮ್ಯಾಡ್ರಿಡ್ ಅನ್ನು 3-1ರಿಂದ ಹೊಡೆದರು, ಮೂರು ಗೋಲು ಮೂವರದು: ನೇಮರ್, ಸುವಾರೆಜ್, ಮೆಸ್ಸಿ. ಆ ಹೊತ್ತಿಗೆ ಮೆಸ್ಸಿ ಬಲಗಡೆಗೆ ಸರಿದಿದ್ದರು, ಸುವಾರೆಜ್ ನಡುವೆ ಬಂದಿದ್ದರು. ಈ ಅದಲುಬದಲು ಮೈದಾನದಲ್ಲಿ ಆಟಗಾರರೇ ಮಾಡಿಕೊಂಡದ್ದು ಅಂತ ಸುವಾರೆಜ್ ಹೇಳಿದ್ದಾರೆ. ಕೋಚ್ ಅದನ್ನು ತಡೆಯಲಿಲ್ಲ, ಅದರ ಸುತ್ತ ಇಡೀ ತಂಡವನ್ನು ಕಟ್ಟಿದರು. ರಾಕಿಟಿಚ್ ಅಂಥ ಒಳ್ಳೆಯ ಪಾಸರ್ ಅನ್ನು ಮೆಸ್ಸಿಯ ಹಿಂದೆ ಓಡಿ ಜಾಗ ಮುಚ್ಚುವ ಕೆಲಸಕ್ಕೆ ಹಾಕಿದರು. ಚಾವಿ, ಇನಿಯೆಸ್ಟಾ ಕಾಲದ ನಿಧಾನದ ಪಾಸಿಂಗ್‌ಗಿಂತ ಚೆಂಡು ಸಿಕ್ಕ ಕೂಡಲೇ ಮುಂದಿನ ಮೂವರಿಗೆ ತಲುಪಿಸುವ ಆಟ ಬಂತು. ಆ ಸೀಸನ್‌ನಲ್ಲಿ ಮೂವರೂ ಸೇರಿ 122 ಗೋಲು ಹೊಡೆದರು. ಲೀಗ್, ಸ್ಪೇನಿನ ಕಪ್ ಆದ ಕೋಪಾ ಡೆಲ್ ರೇ, ಚಾಂಪಿಯನ್ಸ್ ಲೀಗ್, ಮೂರೂ ಬಂತು. ಜೂನ್ 6ರಂದು ಬರ್ಲಿನ್‌ನಲ್ಲಿ ಯುವೆಂಟಸ್ ಅನ್ನು 3-1ರಿಂದ ಸೋಲಿಸಿದರು.

ಹಾಗಾಗಿ ಮೆಸ್ಸಿ ಗೆಲ್ಲಿಸಿದ್ದು ಅನ್ನುವುದು ನಿಜವೇ. ಆದರೆ ಮೆಸ್ಸಿ ಅದರ ಹಿಂದಿನ ವರ್ಷವೂ ಅಲ್ಲೇ ಇದ್ದರು, ಆ ವರ್ಷ ಬಾರ್ಸಾ ಒಂದು ದೊಡ್ಡ ಕಪ್ ಕೂಡ ಗೆದ್ದಿರಲಿಲ್ಲ ಅಲ್ವಾ? ನನ್ನ ಪ್ರಕಾರ 2015ರ ಗೆಲುವು ಒಂದು ರಾಜಿಯ ಗೆಲುವು. ಯಾರಿಗೂ ಕಾಯಂ ಜಾಗ ಇಲ್ಲ ಅನ್ನುವ ಮನುಷ್ಯ, ಮೂವರಿಗೆ ಮಾತ್ರ ಆ ನಿಯಮ ಸಡಿಲಿಸಿದರು. ಹಠ ಎಲ್ಲಿ ಬಿಡಬೇಕು ಅಂತ ಗೊತ್ತಾಗುವುದು ಕೋಚ್‌ಗೆ ಬೇಕಾದ ಬುದ್ಧಿವಂತಿಕೆ, ರೋಮಾದಲ್ಲಿ ಇಲ್ಲದ್ದನ್ನು ಅವರು ಇಲ್ಲಿ ಕಲಿತರು. ಮೂರು ವರ್ಷದಲ್ಲಿ 9 ಟ್ರೋಫಿ ಗೆದ್ದರು.

ಬಾರ್ಸಾದ ಕೊನೆಯ ವರ್ಷದ ಒಂದು ಪಂದ್ಯ ಹೇಳದೆ ಮುಂದೆ ಹೋಗಲಾರೆ. ಚಾಂಪಿಯನ್ಸ್ ಲೀಗ್‌ನಲ್ಲಿ ಎರಡು ಪಂದ್ಯದ ಗೋಲು ಕೂಡಿಸಿ ಗೆದ್ದವರನ್ನು ತೀರ್ಮಾನಿಸುವ ಸುತ್ತು, 2017ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಎದುರು 0-4. ಎಲ್ಲ ಮುಗಿಯಿತು ಅಂತ ಜನ ಅಂದರು. ಎರಡನೇ ಪಂದ್ಯಕ್ಕೆ ಮೊದಲು ಲೂಯಿಸ್ ಎನ್ರಿಕೆ, ಅವರು ನಮಗೆ ನಾಲ್ಕು ಹೊಡೆಯಬಹುದಾದರೆ ನಾವು ಆರು ಹೊಡೆಯಬಹುದು ಅನ್ನುವ ಅರ್ಥದ ಮಾತು ಹೇಳಿದರು. ಮಾರ್ಚ್ 8ರಂದು ಫಲಿತಾಂಶ 6-1, ಎರಡೂ ಸೇರಿ 6-5. ಆರನೇ ಗೋಲು 95ನೇ ನಿಮಿಷದಲ್ಲಿ, ಹೊಡೆದದ್ದು ಸೆರ್ಜಿ ರೊಬೆರ್ಟೊ. ಬಿ ತಂಡದಲ್ಲಿ ಇವರ ಕೈಯಲ್ಲಿ ಬೆಳೆದ ಹುಡುಗ, ಮಿಡ್‌ಫೀಲ್ಡರ್ ಆಗಿದ್ದರೂ ಹೇಳಿದಾಗ ರೈಟ್ ಬ್ಯಾಕ್ ಆಡುತ್ತಿದ್ದ, ಎಲ್ಲಿ ಹಾಕಿದರೂ ಆಡುತ್ತಿದ್ದ. ತನ್ನ ಹಾಗೇ ಇದ್ದ ಆಟಗಾರನಿಂದಲೇ ಆ ಗೋಲು ಬಂತು.

2018ರಲ್ಲಿ ಸ್ಪೇನ್ ತಂಡದ ಕೋಚ್ ಆದರು. 2019ರ ಮಾರ್ಚ್‌ನಲ್ಲಿ ಮಾಲ್ಟಾ ಪಂದ್ಯಕ್ಕೆ ಅವರು ಇರಲಿಲ್ಲ, ಕಾರಣ ಹೇಳಲಿಲ್ಲ. ಜೂನ್‌ನಲ್ಲಿ ಕೆಲಸ ಬಿಟ್ಟರು. ಆಗಸ್ಟ್ 29ರಂದು ಅವರೇ ತಿಳಿಸಿದರು: ಮಗಳು ಶಾನಾ, ಒಂಬತ್ತು ವರ್ಷ, ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಸ್ತೂರಿಯಸ್‌ನ ಜನಪದ ಕಥೆಗಳಲ್ಲಿ ಶಾನಾ ಅಂದರೆ ಹೊಳೆ, ಚಿಲುಮೆಗಳ ಹತ್ತಿರ ಇರುವ ಜಲಕನ್ಯೆ. ನಾಲ್ಕು ವರ್ಷದ ಹಿಂದೆ ಬರ್ಲಿನ್ ಫೈನಲ್ ಮುಗಿದ ಮೇಲೆ ಆ ಮಗು ಬಾರ್ಸಾ ಅಂಗಿ ಹಾಕಿಕೊಂಡು ಅಪ್ಪನ ಜೊತೆ ಮೈದಾನದ ಮಧ್ಯೆ ಬಾವುಟ ನೆಟ್ಟಿತ್ತು. ಆ ಚಿತ್ರ ನೋಡಿದ್ದವರಿಗೆಲ್ಲ ಸುದ್ದಿ ಕೇಳಿ ಕರುಳು ಕಿತ್ತು ಬಂತು. ಮಗಳು ನಮ್ಮ ಜೊತೆ ಒಂಬತ್ತು ಚೆಂದದ ವರ್ಷ ಇದ್ದಳು, ಆ ಲೆಕ್ಕದಲ್ಲಿ ನಾನು ಪುಣ್ಯವಂತ ಅನ್ನುವ ಹಾಗೆ ಅವರು ಮುಂದೊಮ್ಮೆ ಮಾತಾಡಿದರು. ಅಂಥ ಮಾತು ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನಾನು ಈಗಲೂ ಯೋಚಿಸುತ್ತೇನೆ.

ನವೆಂಬರ್‌ನಲ್ಲಿ ಮತ್ತೆ ಸ್ಪೇನ್ ಕೋಚ್ ಆಗಿ ಬಂದರು. 2020ರಲ್ಲಿ ಜರ್ಮನಿಯನ್ನು 6-0ಯಿಂದ ಹೊಡೆದರು. ಯೂರೋ ಕಪ್‌ಗೆ ರಿಯಲ್ ಮ್ಯಾಡ್ರಿಡ್‌ನ ಒಬ್ಬ ಆಟಗಾರನನ್ನೂ ಆರಿಸಲಿಲ್ಲ, ಮ್ಯಾಡ್ರಿಡ್ ಪತ್ರಿಕೆಗಳು ಕೆಂಡ ಕಾರಿದವು. 18 ವರ್ಷದ ಪೆಡ್ರಿಯನ್ನು ಇಡೀ ಟೂರ್ನಿ ಆಡಿಸಿದರು, ಸೆಮಿಫೈನಲ್‌ನಲ್ಲಿ ಇಟಲಿ ಎದುರು ಪೆನಾಲ್ಟಿಯಲ್ಲಿ ಸೋತರು. ಕೆಲವು ತಿಂಗಳ ನಂತರ, ಬಾರ್ಸಾ ಮೊದಲ ತಂಡದಲ್ಲಿ ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದ 17ರ ಗಾವಿಯನ್ನು ಕರೆದು ಅದೇ ಇಟಲಿ ಎದುರು ನಿಲ್ಲಿಸಿದರು, ಈ ಸಲ ಗೆದ್ದರು. ಅಭ್ಯಾಸದ ಮೈದಾನದ ಪಕ್ಕ ಎತ್ತರದ ಅಟ್ಟಣಿಗೆ ಕಟ್ಟಿಸಿಕೊಂಡು ಮೇಲಿನಿಂದ ನೋಡುತ್ತಾ ವಾಕಿಟಾಕಿಯಲ್ಲಿ ಮಾತಾಡುತ್ತಿದ್ದರು. ಆಟಗಾರರ ನಡುವಿನ ಅಂತರ ನೆಲದಿಂದ ಕಾಣುವುದಿಲ್ಲ, ಮೇಲಿನಿಂದ ಮಾತ್ರ ಸರಿಯಾಗಿ ಕಾಣುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ.

2022ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ಮೇಲೆ 7-0, ಆಮೇಲೆ ಜಪಾನ್ ಎದುರು ಸೋಲು, ಆಮೇಲೆ ಮೊರಾಕೊ. ಸಾವಿರಕ್ಕೂ ಜಾಸ್ತಿ ಪಾಸ್, 120 ನಿಮಿಷ, ಒಂದೂ ಗೋಲು ಇಲ್ಲ. ವಿಶ್ವಕಪ್‌ಗೆ ಬರುವ ಮೊದಲು ತಲಾ ಸಾವಿರ ಪೆನಾಲ್ಟಿ ಅಭ್ಯಾಸ ಮಾಡಿಕೊಂಡು ಬನ್ನಿ ಅಂತ ಆಟಗಾರರಿಗೆ ಹೇಳಿದ್ದರಂತೆ, ಆದರೂ ಶೂಟೌಟ್‌ನಲ್ಲಿ ಮೂವರು ಹೊಡೆದು ಮೂವರೂ ತಪ್ಪಿಸಿದರು. ಇದು ಅವರ ತಪ್ಪೇ ಅಂತ ನಾನು ಹೇಳುತ್ತೇನೆ. ಚೆಂಡು ತಮ್ಮಲ್ಲೇ ಇತ್ತು, ಆದರೆ ಎದುರಾಳಿಯ ಗೋಡೆ ಒಡೆಯುವ ಓಟ ಇರಲಿಲ್ಲ. ಒಬ್ಬರನ್ನು ದಾಟಿ ಹೋಗುವ ವಿಂಗರ್‌ಗಳು ಕಡಿಮೆ ಇದ್ದರು. ಅವತ್ತು ಕೊನೆಯ ಪೆನಾಲ್ಟಿಯನ್ನು ಮೆತ್ತಗೆ ಗೋಲಿನ ಮಧ್ಯಕ್ಕೆ ತೇಲಿಸಿ ಸ್ಪೇನ್ ಅನ್ನು ಮನೆಗೆ ಕಳಿಸಿದವರು ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಅಶ್ರಫ್ ಹಕೀಮಿ. ಈ ಹೆಸರೂ ನೆನಪಿರಲಿ.

2023ರ ಜುಲೈನಲ್ಲಿ ಪಿಎಸ್‌ಜಿ. ಕತಾರ್ ಒಡೆತನದ ಈ ಕ್ಲಬ್ 2011ರಿಂದ ಹಣ ಸುರಿಯುತ್ತಲೇ ಇತ್ತು. ಮೆಸ್ಸಿ, ನೇಮರ್, ಎಂಬಾಪೆ ಮೂವರೂ ಒಟ್ಟಿಗೆ ಇದ್ದ ಎರಡು ವರ್ಷವೂ ಚಾಂಪಿಯನ್ಸ್ ಲೀಗ್‌ನ 16ರ ಸುತ್ತಿನಲ್ಲೇ ಹೊರಬಿದ್ದಿತ್ತು. ಕಾರಣ ಸರಳ: ಚೆಂಡು ಎದುರಾಳಿಗೆ ಸಿಕ್ಕಾಗ ಮುಂದಿನ ಮೂವರು ನಿಂತು ನೋಡುತ್ತಿದ್ದರೆ, ಉಳಿದ ಏಳು ಮಂದಿ ಇಡೀ ಮೈದಾನ ಕಾಯಬೇಕು. ದೊಡ್ಡ ತಂಡಗಳ ಎದುರು ಅದು ಆಗದ ಕೆಲಸ.

ಇವರು ಬಂದಾಗ ಮೆಸ್ಸಿ ಹೋಗಿಯಾಗಿತ್ತು, ನೇಮರ್ ಹೋದರು, ಎಂಬಾಪೆ ಉಳಿದರು. ಆ ವರ್ಷ ಎಂಬಾಪೆ 44 ಗೋಲು ಹೊಡೆದರು. ಆದರೂ ಕೋಚ್‌ಗೆ ಸಮಾಧಾನ ಇಲ್ಲ. ಕ್ಯಾಮೆರಾ ಮುಂದೆಯೇ ನಡೆದ ಒಂದು ಮಾತುಕತೆ ಇದೆ: ನಿನಗೆ (ಬ್ಯಾಸ್ಕೆಟ್‌ಬಾಲ್‌ನ) ಮೈಕೆಲ್ ಜೋರ್ಡನ್ ಇಷ್ಟ ಅಂತ ಓದಿದ್ದೇನೆ, ಜೋರ್ಡನ್ ತನ್ನ ಜೊತೆಯವರನ್ನು ಹುರಿದುಂಬಿಸಿ ಮೊದಲು ತಾನೇ ಮೈ ಬಗ್ಗಿಸಿ ಡಿಫೆಂಡ್ ಮಾಡುತ್ತಿದ್ದರು, ನಾಯಕ ಅಂದರೆ ಅದು, ಅಂತ ಎಂಬಾಪೆಗೆ ನೇರವಾಗಿ ಹೇಳಿದರು. ಆ ವರ್ಷ ಸೆಮಿಫೈನಲ್‌ನಲ್ಲಿ ಡಾರ್ಟ್‌ಮಂಡ್ ಎದುರು ಎರಡೂ ಪಂದ್ಯ 0-1ರಿಂದ ಸೋತರು. ಎಂಬಾಪೆ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ತನಗೆ ಇಷ್ಟ ಬಂದ ಕಡೆ ಓಡಾಡುವ ಆಟಗಾರ ಇದ್ದಾಗ ಆಟದ ಕೆಲವು ಸನ್ನಿವೇಶ ನನ್ನ ಹತೋಟಿಯಲ್ಲಿ ಇರುವುದಿಲ್ಲ, ಮುಂದಿನ ವರ್ಷ ಎಲ್ಲವೂ ಇರುತ್ತದೆ ಅಂತ ಇವರು ಹೇಳಿದಾಗ ಬಹಳ ಜನ ನಂಬಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ.

2024-25ರಲ್ಲಿ ಅವರು ಕಟ್ಟಿದ ತಂಡ ಅವರ ಆಟದ ದಿನಗಳ ಪಡಿಯಚ್ಚು. ಯಾವ ಜಾಗವೂ ಯಾರ ಸ್ವತ್ತೂ ಅಲ್ಲ. ಲೆಫ್ಟ್ ಬ್ಯಾಕ್ ನುನೊ ಮೆಂಡಿಸ್ ಮುಂದೆ ಹೋದರೆ ಆ ಖಾಲಿ ಜಾಗಕ್ಕೆ ಮಿಡ್‌ಫೀಲ್ಡರ್ ಫ್ಯಾಬಿಯನ್ ರೂಯಿಸ್ ಬರುತ್ತಾರೆ. ರೈಟ್ ಬ್ಯಾಕ್ ಹಕೀಮಿ ಒಮ್ಮೆ ಮಿಡ್‌ಫೀಲ್ಡ್‌ನಲ್ಲಿ, ಒಮ್ಮೆ ಸ್ಟ್ರೈಕರ್ ನಿಲ್ಲುವ ಕಡೆ ಕಾಣಿಸುತ್ತಾರೆ. ಎದುರಾಳಿ ಡಿಫೆಂಡರ್‌ಗೆ ತಾನು ಯಾರನ್ನು ಕಾಯಬೇಕು ಅನ್ನುವುದೇ ತಿಳಿಯುವುದಿಲ್ಲ. ಚೆಂಡು ಹೋದ ಕ್ಷಣದಿಂದ ಹತ್ತೂ ಮಂದಿ ಮುಂದಕ್ಕೇ ನುಗ್ಗಿ ಒತ್ತುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಉಸ್ಮಾನ್ ಡೆಂಬೆಲೆ. 2024ರ ಅಕ್ಟೋಬರ್ 1ರಂದು ಆರ್ಸೆನಲ್ ಪಂದ್ಯಕ್ಕೆ ಶಿಸ್ತಿನ ಕಾರಣಕ್ಕೆ ಡೆಂಬೆಲೆಯನ್ನು ಲಂಡನ್‌ಗೇ ಕರೆದುಕೊಂಡು ಹೋಗಲಿಲ್ಲ. ಪಿಎಸ್‌ಜಿ 0-2ರಿಂದ ಸೋತಿತು. ಡಿ ರೊಸ್ಸಿ ಕಥೆ ಮತ್ತೆ ನಡೆದ ಹಾಗೆ ಕಾಣುತ್ತದೆ, ಆದರೆ ಈ ಸಲ ಅಂತ್ಯ ಬೇರೆ. ಸುಮಾರು ಎರಡು ತಿಂಗಳ ನಂತರ ಅದೇ ಡೆಂಬೆಲೆಯನ್ನು ವಿಂಗ್‌ನಿಂದ ತೆಗೆದು ನಡುವೆ ತಂದು ನಿಲ್ಲಿಸಿದರು. ಗೋಲುಗಳ ಮಳೆ ಶುರುವಾಯಿತು. ಸೆಮಿಫೈನಲ್‌ಗೆ ಅದೇ ಲಂಡನ್‌ಗೆ ಹೋದಾಗ ನಾಲ್ಕನೇ ನಿಮಿಷದಲ್ಲೇ ಆರ್ಸೆನಲ್ ಮೇಲೆ ಗೋಲು ಹೊಡೆದವರು ಡೆಂಬೆಲೆ. 2025ರ ಸೆಪ್ಟೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಅವರ ಕೈಯಲ್ಲಿತ್ತು. ಫೈನಲ್ ಮುಗಿದ ರಾತ್ರಿ ಲೂಯಿಸ್ ಎನ್ರಿಕೆ ಹೇಳಿದ್ದೇನು ಗೊತ್ತಾ? ಆ ಪ್ರಶಸ್ತಿಯನ್ನು ಡೆಂಬೆಲೆಗೆ ಕೊಡಬೇಕು, ಅವರು ಇವತ್ತು ಡಿಫೆಂಡ್ ಮಾಡಿದ ರೀತಿಗೆ ಕೊಡಬೇಕು ಅಂತ.

ಆ ಫೈನಲ್ 2025ರ ಮೇ 31ರಂದು ಮ್ಯೂನಿಕ್‌ನಲ್ಲಿ, ಇಂಟರ್ ಮಿಲಾನ್ ವಿರುದ್ಧ. 5-0. ಚಾಂಪಿಯನ್ಸ್ ಲೀಗ್ ಫೈನಲ್‌ನ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದ ಗೆಲುವು ಇಲ್ಲ. ಮೊದಲ ಗೋಲು 12ನೇ ನಿಮಿಷ, ಗೋಲಿನ ಬಾಯಿಯ ಮುಂದೆ ಒಂಟಿಯಾಗಿ ನಿಂತು ಚೆಂಡು ಒಳಗೆ ತಳ್ಳಿದವರು ರೈಟ್ ಬ್ಯಾಕ್ ಹಕೀಮಿ. ಎರಡೂವರೆ ವರ್ಷದ ಹಿಂದೆ ಇವರ ಸ್ಪೇನ್ ಕನಸು ಮುರಿದ ಅದೇ ಹಕೀಮಿ. ಆಮೇಲೆ 19 ವರ್ಷದ ಡೆಸಿರೆ ದುಯೆ ಎರಡು, ಕ್ವಾರತ್ಸ್‌ಖೇಲಿಯ ಒಂದು, ಇನ್ನೊಬ್ಬ 19ರ ಹುಡುಗ ಮಯುಲು ಒಂದು. ಲೀಗ್, ಫ್ರೆಂಚ್ ಕಪ್ ಮೊದಲೇ ಬಂದಿತ್ತು. ಎರಡು ಬೇರೆ ಬೇರೆ ಕ್ಲಬ್‌ಗಳಲ್ಲಿ ಒಂದೇ ಸೀಸನ್‌ನಲ್ಲಿ ಈ ಮೂರೂ ಗೆದ್ದವರು ಅಲ್ಲಿಯವರೆಗೆ ಗುವಾರ್ಡಿಯೋಲಾ ಒಬ್ಬರೇ, ಈಗ ಇವರು ಎರಡನೆಯವರು.

ಪಂದ್ಯ ಮುಗಿದ ಮೇಲೆ ಪ್ಯಾರಿಸ್ ಅಭಿಮಾನಿಗಳು ಒಂದು ದೊಡ್ಡ ಬಟ್ಟೆಯ ಚಿತ್ರ ಬಿಚ್ಚಿದರು. ಅದರಲ್ಲಿ ಲೂಯಿಸ್ ಎನ್ರಿಕೆ ಪಿಎಸ್‌ಜಿ ಬಾವುಟ ನೆಡುತ್ತಿದ್ದಾರೆ, ಪಕ್ಕದಲ್ಲಿ ಪಿಎಸ್‌ಜಿ ಅಂಗಿ ಹಾಕಿಕೊಂಡ ಪುಟ್ಟ ಶಾನಾ. ಬರ್ಲಿನ್‌ನಲ್ಲಿ ಮಗಳು ಮಾಡಿದ್ದನ್ನು ಪಿಎಸ್‌ಜಿ ಬಾವುಟದ ಜೊತೆ ಮತ್ತೆ ಮಾಡುವ ಆಸೆ ಇದೆ ಅಂತ ಅವರು ಮೊದಲೇ ಹೇಳಿದ್ದರು. ಅಷ್ಟು ಸಾವಿರ ಜನ ಅದನ್ನು ನೆನಪಿಟ್ಟುಕೊಂಡಿದ್ದರು.

ಈಗ ನಿಮ್ಮ ಕೊನೆಯ ಪ್ರಶ್ನೆ, ಒಂದೇ ಮ್ಯಾಚ್ ಯಾವುದು? ಎಲ್ಲರೂ ಮ್ಯೂನಿಕ್ ಅನ್ನುತ್ತಾರೆ. ನಾನು ಅದೇ ಚಾಂಪಿಯನ್ಸ್ ಲೀಗ್‌ನ, 2025ರ ಜನವರಿ 22ರ ಮ್ಯಾಂಚೆಸ್ಟರ್ ಸಿಟಿ ಪಂದ್ಯ ನೋಡಿ ಅನ್ನುತ್ತೇನೆ. ಮಳೆ ಸುರಿಯುತ್ತಿದ್ದ ರಾತ್ರಿ, ಎದುರಿಗೆ ಆಗ ಸಿಟಿಯ ಕೋಚ್ ಆಗಿದ್ದ ಹಳೆಯ ಗೆಳೆಯ ಗುವಾರ್ಡಿಯೋಲಾ. ಸೋತರೆ ಮುಂದಿನ ಸುತ್ತಿನ ದಾರಿ ಬಹುತೇಕ ಮುಚ್ಚಿದಂತೆ. 53ನೇ ನಿಮಿಷಕ್ಕೆ ಪಿಎಸ್‌ಜಿ 0-2. ಅಲ್ಲಿಂದ ಶುರುವಾಗುವ ಆಟ ಗಮನಿಸಿ. ಎರಡನೇ ಅರ್ಧಕ್ಕೆ ಇಳಿದಿದ್ದ ಡೆಂಬೆಲೆ 56ರಲ್ಲಿ, ಬಾರ್ಕೊಲಾ 60ರಲ್ಲಿ, ಜೊವಾವ್ ನೆವೆಸ್ 78ರಲ್ಲಿ, ಕೊನೆಯ ಕ್ಷಣದಲ್ಲಿ ಗೊನ್ಸಾಲೊ ರಾಮೊಸ್. 4-2. ಗೋಲುಗಳನ್ನು ಒಂದು ಸಲ ನೋಡಿಬಿಡಿ, ಆಮೇಲೆ ಪೂರ್ತಿ ಎರಡನೇ ಅರ್ಧವನ್ನು ಇನ್ನೊಂದು ಸಲ ಹಾಕಿಕೊಂಡು ಚೆಂಡು ಬಿಟ್ಟು ಬೇರೆ ಕಡೆ ನೋಡಿ: ಪಿಎಸ್‌ಜಿ ಚೆಂಡು ಕಳೆದುಕೊಂಡಾಗಲೆಲ್ಲ ಮುಂದಿನ ಮೂವರು ಏನು ಮಾಡುತ್ತಾರೆ ಅಂತ.

ಅದಾದ ಮೇಲೆ ಸಮಯ ಇದ್ದರೆ ಮ್ಯೂನಿಕ್ ಫೈನಲ್‌ನ ಮೊದಲ ಹತ್ತು ಸೆಕೆಂಡ್ ನೋಡಿ ಸಾಕು. ಆಟ ಶುರುವಾಗುತ್ತಿದ್ದ ಹಾಗೆ ವಿಟೀನ್ಯಾ ಚೆಂಡನ್ನು ಬೇಕಂತಲೇ ಉದ್ದಕ್ಕೆ ಒದ್ದು, ಇಂಟರ್‌ನ ಮೂಲೆಯ ಹತ್ತಿರ ಗೆರೆಯಾಚೆ ಹಾಕುತ್ತಾರೆ. ಚೆಂಡನ್ನು ಎದುರಾಳಿಗೇ ಕೊಟ್ಟುಬಿಟ್ಟರು. ಇಂಟರ್ ಥ್ರೋ ಮಾಡಲು ಕೈಯಲ್ಲಿ ಚೆಂಡು ಹಿಡಿದಾಗ ಕ್ಯಾಮೆರಾ ಸ್ವಲ್ಪ ಹಿಂದಕ್ಕೆ ಬರುತ್ತದೆ, ಆಗ ಪಿಎಸ್‌ಜಿಯವರು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಎಣಿಸಿ ನೋಡಿ.